ಕೋಶೀಯ ಉಸಿರಾಟದ ಲೆಕ್ಕವನ್ನು ಹಾಳೆಯ ಮೇಲೆ ಇಡುವ ಬಗೆ

ಜೀವಕೋಶ ಆಹಾರದಿಂದ ಶಕ್ತಿ ಪಡೆಯುವ ರೀತಿಯನ್ನು ಓದುವವರು ಸಾಮಾನ್ಯವಾಗಿ ಕಿಣ್ವಗಳ ಹೆಸರುಗಳನ್ನು ಬಾಯಿಪಾಠ ಮಾಡಲು ತೊಡಗುತ್ತಾರೆ. ಅದಕ್ಕಿಂತ, ಒಂದು ಗ್ಲೂಕೋಸ್ ಅಣುವಿನ ಇಂಗಾಲ ಎಲ್ಲಿಗೆ ಹೋಯಿತು, ಎಲೆಕ್ಟ್ರಾನುಗಳು ಎಲ್ಲಿ ಸೇರಿದವು ಎಂದು ಕೇಳುತ್ತಾ ಸಾಗುವುದು ಮೇಲು. ಹಾಳೆಯಲ್ಲಿ ಇಂಗಾಲ, ಎಲೆಕ್ಟ್ರಾನು, ಎಟಿಪಿ (ಕೋಶ ತನ್ನ ಕೆಲಸಗಳಿಗೆ ನೇರವಾಗಿ ಬಳಸುವ ಶಕ್ತಿಯ ಅಣು) ಎಂಬ ಮೂರು ಕಲಂಗಳನ್ನು ಎಳೆದುಕೊಳ್ಳಿ.

ಮೊದಲ ಹಂತವಾದ ಗ್ಲೈಕಾಲಿಸಿಸ್ ನಡೆಯುವುದು ಕೋಶದೊಳಗಿನ ಶಕ್ತಿ ತಯಾರಿಕೆಯ ಅಂಗಕವಾದ ಮೈಟೊಕಾಂಡ್ರಿಯದ ಹೊರಗೆ, ಕೋಶದ್ರವದಲ್ಲಿ. ಆರು ಇಂಗಾಲದ ಗ್ಲೂಕೋಸ್ ಅಲ್ಲಿ ತಲಾ ಮೂರು ಇಂಗಾಲದ ಎರಡು ಪೈರುವೇಟ್ ಆಗುತ್ತದೆ. ಎರಡು ಎಟಿಪಿ ಖರ್ಚಾಗಿ ನಾಲ್ಕು ಹುಟ್ಟುವುದರಿಂದ ನಿವ್ವಳ 2 ಎಂದು ಬರೆಯಿರಿ. ಎಲೆಕ್ಟ್ರಾನು ಕಲಂನಲ್ಲಿ 2 ಎನ್‌ಎಡಿಎಚ್ (ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ವಾಹಕ ಅಣು) ಸೇರಿಸಿ.

ಪೈರುವೇಟ್ ಮೈಟೊಕಾಂಡ್ರಿಯವನ್ನು ಹೊಕ್ಕು, ಎರಡು ಇಂಗಾಲದ ತುಣುಕನ್ನು ಹೊತ್ತ ಅಸಿಟೈಲ್ ಕೋಎ ಆಗುವಾಗ 2 ಇಂಗಾಲದ ಡೈಆಕ್ಸೈಡ್ ಹೊರಬಿದ್ದು 2 ಎನ್‌ಎಡಿಎಚ್ ಸಿಗುತ್ತವೆ. ಆ ತುಣುಕನ್ನು ಒಡೆಯುವ ಕ್ರಿಯೆಗಳ ಸರಣಿಯಾದ ಕ್ರೆಬ್ಸ್ ಚಕ್ರದ ಎರಡು ಸುತ್ತುಗಳಲ್ಲಿ ಉಳಿದ 4 ಇಂಗಾಲಗಳೂ ಹೊರಹೋಗಿ, 6 ಎನ್‌ಎಡಿಎಚ್, 2 ಎಫ್‌ಎಡಿಎಚ್2 (ಇನ್ನೊಂದು ಎಲೆಕ್ಟ್ರಾನು ವಾಹಕ) ಮತ್ತು 2 ಎಟಿಪಿ ದೊರೆಯುತ್ತವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗಾಲವೆಲ್ಲ ಮುಗಿದಿದೆ, ಆದರೆ ಎಟಿಪಿ ಕಲಂನಲ್ಲಿರುವುದು ಕೇವಲ 4. ಶಕ್ತಿಯ ಬಹುಪಾಲು ಇರುವುದು ಎಲೆಕ್ಟ್ರಾನು ಕಲಂನಲ್ಲಿ. ಅಲ್ಲಿರುವ 12 ವಾಹಕಗಳು ತಲಾ ಎರಡು ಎಲೆಕ್ಟ್ರಾನುಗಳನ್ನು ಹೊತ್ತಿರುವುದರಿಂದ ಒಟ್ಟು 24 ಆಯಿತು. ಒಂದು ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದು ನೀರಾಗುವುದರಿಂದ 24ಕ್ಕೆ 6 ಅಣುಗಳು ಬೇಕು. ಉಸಿರಾಟದ ಸಮೀಕರಣದಲ್ಲಿ ಆಮ್ಲಜನಕದ ಮುಂದೆ ಕಾಣುವ 6 ಇದೇ. ನಿಮ್ಮ ಲೆಕ್ಕ ಸರಿಯಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಎಲೆಕ್ಟ್ರಾನುಗಳು ಆಮ್ಲಜನಕದತ್ತ ಸಾಗುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಮೈಟೊಕಾಂಡ್ರಿಯದ ಒಳಪೊರೆಯ ಆಚೆಗೆ ತಳ್ಳುತ್ತದೆ; ಅವು ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ಮರಳುವಾಗ ಆ ಕಿಣ್ವದ ಒಂದು ಭಾಗ ನಿಜವಾಗಿಯೂ ತಿರುಗಿ ಎಟಿಪಿ ತಯಾರಾಗುತ್ತದೆ. ಪ್ರೋಟಾನುಗಳ ಮರುಹರಿವಿನಿಂದ ಎಟಿಪಿ ತಯಾರಾಗುತ್ತದೆ ಎಂದು 1961ರಲ್ಲಿ ಜೀವರಸಾಯನಶಾಸ್ತ್ರಜ್ಞ ಪೀಟರ್ ಮಿಚೆಲ್ ಮುಂದಿಟ್ಟ ವಿಚಾರಕ್ಕೆ 1978ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಎಟಿಪಿಯ ಕೊನೆಯ ಮೊತ್ತವನ್ನು ಸುಮಾರು 30ರಿಂದ 32 ಎಂದು ಬರೆಯಿರಿ. ಹಳೆಯ ಪಠ್ಯಪುಸ್ತಕಗಳ 36 ಅಥವಾ 38 ಇಂದು ಹೆಚ್ಚಾಯಿತೆಂದು ಪರಿಗಣಿಸಲಾಗಿದೆ.

ಈಗ ಆಮ್ಲಜನಕವನ್ನು ಅಳಿಸಿ ನೋಡಿ. ಎನ್‌ಎಡಿಎಚ್ ತನ್ನ ಎಲೆಕ್ಟ್ರಾನುಗಳನ್ನು ಇಳಿಸಲಾಗದೆ ಗ್ಲೈಕಾಲಿಸಿಸ್ ಕೂಡ ನಿಲ್ಲಬೇಕಾಗುತ್ತದೆ. ಆದ್ದರಿಂದ ಸ್ನಾಯುಕೋಶ ಅವನ್ನು ಪೈರುವೇಟ್‌ಗೇ ಕೊಟ್ಟು ಲ್ಯಾಕ್ಟೇಟ್ ಮಾಡುತ್ತದೆ, ಯೀಸ್ಟ್ ಎಥೆನಾಲ್ ಮಾಡುತ್ತದೆ. ಗಳಿಕೆ ಮಾತ್ರ 2 ಎಟಿಪಿಗೇ ನಿಲ್ಲುತ್ತದೆ.

ಕೊಬ್ಬಿಗೂ ಇದೇ ಕ್ರಮ ಸಲ್ಲುತ್ತದೆ. 16 ಇಂಗಾಲದ ಕೊಬ್ಬಿನಾಮ್ಲವಾದ ಪಾಮಿಟಿಕ್ ಆಮ್ಲ 8 ಅಸಿಟೈಲ್ ಕೋಎ ಆಗುವವರೆಗೆ 28 ಎಲೆಕ್ಟ್ರಾನುಗಳನ್ನೂ, ಆಮೇಲೆ ಕ್ರೆಬ್ಸ್ ಚಕ್ರದಲ್ಲಿ 64ನ್ನೂ ಬಿಟ್ಟುಕೊಡುತ್ತದೆ. ಒಟ್ಟು 92ನ್ನು ನಾಲ್ಕರಿಂದ ಭಾಗಿಸಿದರೆ ಬೇಕಾದ ಆಮ್ಲಜನಕದ ಅಣುಗಳು 23.