ಪ್ರೇರಿಯ ರಾಂಚ್ ಕುಟುಂಬವೊಂದರ ಬದುಕನ್ನು ಹಳೆಯ ದಾಖಲೆಗಳಲ್ಲಿ ಹುಡುಕುವ ಬಗೆ

1880ರ ದಶಕದಲ್ಲಿ ಅಮೆರಿಕದ ಮೊಂಟಾನಾ ಮತ್ತು ಡಕೋಟಾಗಳ ಪ್ರೇರಿ ಎಂಬ ವಿಶಾಲ ಹುಲ್ಲುಗಾವಲಿಗೆ ದನಕರುಗಳೊಂದಿಗೆ ಬಂದು ನೆಲೆನಿಂತ ಕುಟುಂಬವೊಂದರ ಬಗ್ಗೆ ಬರೆಯಲು ಹೊರಟವರು ಸಾಮಾನ್ಯವಾಗಿ ಕೌಬಾಯ್ ಕಥೆಗಳನ್ನು ಮೊದಲು ಓದುತ್ತಾರೆ. ಅವನ್ನು ಪಕ್ಕಕ್ಕಿಟ್ಟು ಜಮೀನಿನ ಕಾಗದಪತ್ರಗಳಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಆ ಮನೆಯವರು ಏನು ಉಂಡರು, ಎಲ್ಲಿ ಮಲಗಿದರು, ಯಾವುದಕ್ಕೆ ಹೆದರಿದರು ಎಂಬುದರ ಸುಳಿವು ಅಲ್ಲಿದೆ.

1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು 160 ಎಕರೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ವಾಸಿಸಿ, ಸಾಗುವಳಿ ಮಾಡಿ, ಅದನ್ನು ಸಾಕ್ಷಿಗಳ ಮೂಲಕ ರುಜುವಾತು ಮಾಡಿದ ಮೇಲೆ ಪೇಟೆಂಟ್ ಎಂಬ ಹಕ್ಕುಪತ್ರ ಸಿಗುತ್ತಿತ್ತು. ನಮ್ಮಲ್ಲಿ ದರಖಾಸ್ತು ಜಮೀನಿಗೆ ಕೊಡುವ ಸಾಗುವಳಿ ಚೀಟಿಯನ್ನು ಕಂಡವರಿಗೆ ಈ ಕ್ರಮ ಬೇಗ ಅರ್ಥವಾಗುತ್ತದೆ. ಅಮೆರಿಕದ ಸರ್ಕಾರಿ ಭೂ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜಾಲತಾಣದಲ್ಲಿ ರಾಜ್ಯ ಮತ್ತು ಹೆಸರು ಕೊಟ್ಟು ಹುಡುಕಿದರೆ ಹಕ್ಕುಪತ್ರದ ಚಿತ್ರವನ್ನು ಉಚಿತವಾಗಿ ನೋಡಬಹುದು. ಅದರಲ್ಲಿರುವ ಭೂ ಕಚೇರಿಯ ಹೆಸರು, ಪ್ರಮಾಣಪತ್ರದ ಸಂಖ್ಯೆ, ಭೂಮಾಪನದಲ್ಲಿ ಜಮೀನಿನ ಜಾಗವನ್ನು ತೋರಿಸುವ ಟೌನ್‌ಶಿಪ್, ರೇಂಜ್ ಮತ್ತು ಸೆಕ್ಷನ್ ಸಂಖ್ಯೆಗಳನ್ನು ಬರೆದುಕೊಳ್ಳಿ. ಇವು ಕೈಯಲ್ಲಿದ್ದರೆ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ಇಡೀ ಕಡತದ ಪ್ರತಿಯನ್ನು ತರಿಸಿಕೊಳ್ಳಬಹುದು. ನಿಜವಾದ ನಿಧಿ ಆ ಕಡತವೇ: ಮನೆ ಯಾವಾಗ ಕಟ್ಟಿದಿರಿ, ಅದರ ಅಳತೆ ಎಷ್ಟು, ಮನೆಯಲ್ಲಿ ಯಾರಿದ್ದಾರೆ, ಎಷ್ಟು ಎಕರೆ ಉತ್ತಿದ್ದೀರಿ, ನಡುವೆ ಊರು ಬಿಟ್ಟು ಹೋಗಿದ್ದಿರಾ, ಏಕೆ ಎಂಬ ಪ್ರಶ್ನೆಗಳಿಗೆ ಅರ್ಜಿದಾರರೂ ನೆರೆಯ ಸಾಕ್ಷಿಗಳೂ ಕೊಟ್ಟ ಉತ್ತರಗಳು ಅದರಲ್ಲಿರುತ್ತವೆ.

ಆದರೆ ಆ ಒಣ ಸೀಮೆಯಲ್ಲಿ 160 ಎಕರೆಯಿಂದ ದನ ಸಾಕಿ ಬದುಕುವುದು ಆಗದ ಮಾತು. ಆದ್ದರಿಂದ ಸೆಕ್ಷನ್ ಸಂಖ್ಯೆಯನ್ನು ನಕ್ಷೆಯ ಮೇಲೆ ಗುರುತಿಸಿ, ತೊರೆ ಎಲ್ಲಿ ಹರಿಯುತ್ತದೆ ಎಂದು ನೋಡಿ. ನೀರಿರುವ ತುಂಡನ್ನು ಹಿಡಿದ ಕುಟುಂಬ ಸುತ್ತಲಿನ ಸರ್ಕಾರಿ ಹುಲ್ಲುಗಾವಲಿನಲ್ಲಿ ಮಂದೆಯನ್ನು ಮೇಯಿಸಿಕೊಳ್ಳುತ್ತಿತ್ತು. ಅಕ್ಕಪಕ್ಕದ ತುಂಡುಗಳ ಹಕ್ಕುಪತ್ರಗಳನ್ನೂ ತಪ್ಪದೆ ತೆರೆಯಿರಿ. ವಯಸ್ಸಿಗೆ ಬಂದ ಮಗ, ಮದುವೆಯಾಗದ ಮಗಳು, ವಿಧವೆಯಾದ ಅತ್ತೆ ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಲು ಅರ್ಹರಾಗಿದ್ದರು; ಒಂದೇ ತೊರೆಯ ಉದ್ದಕ್ಕೂ ಅದೇ ಮನೆತನದ ಹೆಸರುಗಳು ಸಾಲಾಗಿ ಸಿಗುವುದು ಅಪರೂಪವಲ್ಲ.

ಆ ಭೂಮಿ ಅರ್ಜಿದಾರರಿಗೆ ತೆರೆದುಕೊಂಡದ್ದು ಯಾವ ವರ್ಷ ಎಂಬುದನ್ನೂ ಇದೇ ಹಂತದಲ್ಲಿ ತಿಳಿದುಕೊಳ್ಳಬೇಕು. ಉತ್ತರ ಮೊಂಟಾನಾದಲ್ಲಿ ಬ್ಲ್ಯಾಕ್‌ಫೀಟ್, ಗ್ರೋ ವಾಂತ್ರ್ ಮತ್ತು ಅಸಿನಿಬೋಯಿನ್ ಎಂಬ ಮೂಲನಿವಾಸಿ ಜನರ ಮೀಸಲು ಪ್ರದೇಶವನ್ನು 1888ರಲ್ಲಿ ಕುಗ್ಗಿಸಲಾಯಿತು. ಡಕೋಟಾದಲ್ಲಿ ಲಕೋಟಾ ಎಂಬ ಮೂಲನಿವಾಸಿ ಜನರ ದೊಡ್ಡ ಮೀಸಲು ಪ್ರದೇಶವನ್ನು 1889ರಲ್ಲಿ ಒಡೆದು ಸುಮಾರು 90 ಲಕ್ಷ ಎಕರೆಯನ್ನು ಕಿತ್ತುಕೊಳ್ಳಲಾಯಿತು. ಖಾಲಿ ನೆಲಕ್ಕೆ ಬಂದೆವು ಎಂದು ಕುಟುಂಬದ ನೆನಪುಗಳು ಹೇಳಿದರೆ, ಆ ಮಾತನ್ನು ಹಾಗೆಯೇ ನಕಲು ಮಾಡಬೇಡಿ.

ಮುಂದೆ ದನಗಳ ಬರೆ ಗುರುತನ್ನು ಹುಡುಕಿ. ರಾಜ್ಯದ ಬ್ರ್ಯಾಂಡ್ ಪುಸ್ತಕಗಳಲ್ಲಿ ಗುರುತಿನ ಆಕಾರದ ಜೊತೆಗೆ ಅದನ್ನು ಎಡಪಕ್ಕೆಗೆ ಹಾಕುತ್ತಿದ್ದರೋ ಬಲತೊಡೆಗೋ ಎಂಬುದೂ ದಾಖಲಾಗಿರುತ್ತದೆ. ಗುರುತನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಓದಬೇಕು. ಅಕ್ಷರ ಅಡ್ಡ ಮಲಗಿದ್ದರೆ ಲೇಜಿ, ಕೆಳಗೆ ತೊಟ್ಟಿಲ ಕಾಲಿನಂತೆ ಬಾಗಿದ ಗೆರೆಯಿದ್ದರೆ ರಾಕಿಂಗ್, ರೆಕ್ಕೆ ಮೂಡಿದ್ದರೆ ಫ್ಲೈಯಿಂಗ್ ಎನ್ನುತ್ತಾರೆ.

ಕೌಂಟಿಯ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) ತೆರಿಗೆ ಪಟ್ಟಿಗಳು ಸಿಕ್ಕರೆ 1886 ಮತ್ತು 1887ರ ದನಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 1886ರ ಬೇಸಿಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಸೊರಗಿತ್ತು, ಮಂದೆಗಳು ಮಾತ್ರ ಮಿತಿಮೀರಿ ಬೆಳೆದಿದ್ದವು. ಆ ಚಳಿಗಾಲದ ನಡುವೆ ಬೆಚ್ಚನೆಯ ಗಾಳಿ ಬೀಸಿ ಹಿಮದ ಮೇಲ್ಪದರ ಕರಗಿತು. ಮರಳಿ ಚಳಿ ಕವಿದಾಗ ಅದು ಮಂಜುಗಡ್ಡೆಯ ಹಾಸಾಗಿ ಬಿಗಿಯಿತು. ಕುದುರೆ ಗೊರಸಿನಿಂದ ಹಿಮ ಕೆರೆದು ಹುಲ್ಲು ತಿನ್ನುತ್ತದೆ. ದನ ಮೂತಿಯಿಂದ ನೂಕುತ್ತದೆ, ಮಂಜುಗಡ್ಡೆಯ ಅಂಚು ಮೂತಿಯನ್ನೂ ಕಾಲನ್ನೂ ಕೊಯ್ಯುತ್ತದೆ. ಹುಲ್ಲು ಕಾಲಡಿಯಲ್ಲಿಯೇ ಇದ್ದರೂ ಮಂದೆಗಳು ಹಸಿದು ಸತ್ತವು. ಆಮೇಲಿನ ವರ್ಷಗಳ ಕಾಗದಗಳಲ್ಲಿ ಹುಲ್ಲು ಕೊಯ್ಯುವ ಯಂತ್ರ, ಕುದುರೆ ಎಳೆಯುವ ಹುಲ್ಲುಗುಂಟೆ, ಬೇಲಿ ತಂತಿ, ಬಣವೆಗಳ ಉಲ್ಲೇಖ ಹೆಚ್ಚಾಗಿ ಕಂಡರೆ ಆಶ್ಚರ್ಯಪಡಬೇಕಿಲ್ಲ. ಉಳಿದವರು ಮಂದೆ ಕಿರಿದು ಮಾಡಿ ಮೇವು ಕೂಡಿಡಲು ಕಲಿತರು.

ಹೆಂಗಸರ ದುಡಿಮೆ ಈ ಸರ್ಕಾರಿ ಕಾಗದಗಳಲ್ಲಿ ತೀರ ಕಡಿಮೆ ಕಾಣುತ್ತದೆ, ಅದಕ್ಕೆ ದಿನಚರಿಗಳೇ ಗತಿ. ಮೊಂಟಾನಾದ ಟೆರ್ರಿ ಪಟ್ಟಣದ ಸುತ್ತ ಬದುಕಿದ ಎವೆಲಿನ್ ಕ್ಯಾಮರನ್ 1893ರಿಂದ 1928ರವರೆಗೆ ಬರೆದ ದಿನಚರಿಗಳು ಹೆಲೆನಾದ ಮೊಂಟಾನಾ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಹಾಲು ಕರೆಯುವುದು, ಅಡುಗೆ, ತರಕಾರಿ ಮಾರಾಟ, ಫೋಟೊ ತೆಗೆಯುವುದು ಎಲ್ಲವನ್ನೂ ಆಕೆ ಒಬ್ಬರೇ ನಿಭಾಯಿಸುತ್ತಿದ್ದರು. ನಿಮ್ಮ ಕುಟುಂಬದ ದಿನಚರಿ ಉಳಿದಿರದಿದ್ದರೆ ಅದೇ ಸೀಮೆಯ ಇಂತಹ ಬರಹವನ್ನು ಜೊತೆಗಿಟ್ಟುಕೊಂಡು ಓದಿ, ಆದರೆ ಅವರ ದಿನವನ್ನು ಇವರ ದಿನವೆಂದು ಬರೆಯಬೇಡಿ.

ಜನಗಣತಿಯಲ್ಲಿ 1890ರ ಹಾಳೆಗಳು 1921ರ ಬೆಂಕಿಯ ನಂತರ ಬಹುಪಾಲು ಇಲ್ಲವಾದವು, ಹಾಗಾಗಿ 1900ರ ಹಾಳೆಗೆ ಹೋಗಬೇಕು. ಅದರಲ್ಲಿ ತಾಯಿಯ ಹೆಸರಿನ ಸಾಲಿನಲ್ಲಿ ಎರಡು ಪುಟ್ಟ ಅಂಕಣಗಳಿವೆ: ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು. ಎರಡರ ನಡುವೆ ವ್ಯತ್ಯಾಸ ಕಂಡರೆ, ಸೆಕ್ಷನ್ ಗುರುತಿಸಿದ ಆ ನಕ್ಷೆಯನ್ನು ಮತ್ತೆ ತೆರೆದು ಹತ್ತಿರದ ಸ್ಮಶಾನದ ದಾಖಲೆಯಲ್ಲಿ ಆ ಮಕ್ಕಳ ಹೆಸರುಗಳನ್ನು ಹುಡುಕಿ.