ಹಳೆಯ ಪಿಕಪ್: ಸಸ್ಪೆನ್ಷನ್ ಮೊದಲು, ಗೇರ್‌ಬಾಕ್ಸ್ ಆಮೇಲೆ

ಹಳೆಯ ಜೀಪ್ ಪಿಕಪ್ ತಂದು ನಿಲ್ಲಿಸಿ, ಮುಂದಿನ ಸಸ್ಪೆನ್ಷನ್ನೂ ಗೇರ್‌ಬಾಕ್ಸೂ ಒಂದೇ ಸಲ ಮುಗಿದುಹೋಗಲಿ ಎನ್ನುವವರಿಗೆ ನಾನು ಮೊದಲು ಹೇಳುವ ಮಾತು: ಬೇಡ. ಸಸ್ಪೆನ್ಷನ್ ಬಿಚ್ಚಿ ಕಟ್ಟಿ, ಗಾಡಿಯನ್ನು ರಸ್ತೆಗಿಳಿಸಿ ಓಡಿಸಿ ನೋಡಿ. ಆಮೇಲೆ ಗೇರ್‌ಬಾಕ್ಸಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿದ ಗಾಡಿ 50 ಕಿ.ಮೀ. ವೇಗದಲ್ಲಿ ನಡುಗತೊಡಗಿದರೆ, ಆ ನಡುಕ ಕಿಂಗ್ ಪಿನ್ನಿನದೋ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಪ್ರೊಪೆಲ್ಲರ್ ಶಾಫ್ಟಿನದೋ (ಗೇರ್‌ಬಾಕ್ಸಿನಿಂದ ಆಕ್ಸಲ್ಲಿಗೆ ಎಳೆತ ಒಯ್ಯುವ ದಂಡ) ಎಂದು ಹುಡುಕುವುದರಲ್ಲೇ ವಾರಗಳು ಕಳೆದುಹೋಗುತ್ತವೆ. ಇನ್ನೊಂದು ಕಾರಣವೂ ಇದೆ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಗಾಡಿಯ ಮೂತಿ ಎತ್ತರವಾಗುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ವಾಲಿರುವ ಕೋನ ಅದರೊಂದಿಗೆ ಬದಲಾಗುತ್ತದೆ. ಸ್ಪ್ರಿಂಗ್ ಕೂರುವ ಮುನ್ನ ಪ್ರೊಪೆಲ್ಲರ್ ಅಳತೆ ಕೊಟ್ಟರೆ ಆ ಅಳತೆ ಸುಳ್ಳು.

ಇಲ್ಲಿ ಹೇಳುತ್ತಿರುವುದು ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಇರುವ ವಿಲ್ಲಿಸ್ ಮಾದರಿಯ ಪಿಕಪ್‌ಗಳ ವಿಷಯ. ಅಮೆರಿಕದಲ್ಲಿ 1947ರಿಂದ 1965ರವರೆಗೆ ತಯಾರಾದದ್ದು ಆ ಪಿಕಪ್. ನಮ್ಮಲ್ಲಿ ಅದೇ ಬಳಗದ ಮಹೀಂದ್ರ ಗಾಡಿಗಳೇ ಹೆಚ್ಚು. ಹಳೆಯವುಗಳಲ್ಲಿ ಮೂರು ಗೇರಿನ ಟಿ-90 ಪೆಟ್ಟಿಗೆ ಇರುತ್ತದೆ. ಅದರ ಮೊದಲ ಗೇರಿಗೆ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂಡಿಸುವ ಉಂಗುರ) ಇಲ್ಲ, ಹಾಗಾಗಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ ಗರಗರ ಎನ್ನಿಸದೆ ಮೊದಲನೆಯ ಗೇರಿಗೆ ಇಳಿಸುವುದು ಕಷ್ಟ. ಆಮೇಲಿನವುಗಳಲ್ಲಿ ನಾಲ್ಕು ಗೇರಿನ ಕೆಎಂಟಿ-90. ಇವೆರಡನ್ನೂ ಕಿತ್ತು ಬೊಲೆರೊದ ಐದು ಗೇರಿನ ಎನ್‌ಜಿಟಿ 530 ಕೂರಿಸಬೇಕೆಂಬುದು ಬಹಳ ಜನರ ಆಸೆ.

ಆಸೆಗೆ ಆಧಾರವಿದೆ. ಹಳೆಯ ಜೀಪ್‌ಗಳ ಹಿಂದಿನ ಆಕ್ಸಲ್ ಅನುಪಾತ ಸಾಮಾನ್ಯವಾಗಿ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ 5.38 ಸುತ್ತು ತಿರುಗಬೇಕು. ಏಳು ಇಂಚಿನ, ಹದಿನಾರರ ರಿಮ್ಮಿನ ಟೈರ್ ಹಾಕಿ 80 ಕಿ.ಮೀ. ವೇಗದಲ್ಲಿ ಹೋದರೆ ನೇರ ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತಿರುತ್ತದೆ. 0.8ರ ಆಸುಪಾಸಿನ ಐದನೇ ಗೇರ್ ಇದ್ದರೆ ಅದು 2400ಕ್ಕೆ ಇಳಿಯುತ್ತದೆ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಆದರೆ ವೇಗ ಕೊಡುವ ಮುನ್ನ ಬ್ರೇಕ್ ನೋಡಿಕೊಳ್ಳಿ. ನಾಲ್ಕೂ ಕಡೆ ಡ್ರಮ್ ಇರುವ ಗಾಡಿಯಿದು. ವೀಲ್ ಸಿಲಿಂಡರ್ ಸೋರುತ್ತಿರುವಾಗ ಐದನೇ ಗೇರಿನ ಮಾತೇ ಬೇಡ.

ಸಾಮಾನು

ಬುಷ್, ಶಾಕಲ್ (ಸ್ಪ್ರಿಂಗಿನ ತುದಿಯನ್ನು ಛಾಸಿಗೆ ತೂಗುಹಾಕುವ ಕೊಂಡಿ), ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಎಂಡ್, ಕ್ಲಚ್ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಬೇರಿಂಗ್, ಬೋಲ್ಟ್, ಅಳತೆಯ ಉಪಕರಣಗಳಿಗೆ ಎಸ್.ಜೆ.ಪಿ. ರಸ್ತೆ, ಹಳೆಯ ಗೇರ್‌ಬಾಕ್ಸಿಗೆ ಶಿವಾಜಿನಗರದ ಗುಜರಿ. ಬೋಲ್ಟ್ ಕೊಳ್ಳುವಾಗ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಗುರುತು ಇದೆಯೇ ನೋಡಿ, ಗುರುತಿಲ್ಲದ್ದನ್ನು ಮುಟ್ಟಬೇಡಿ. ಬುಷ್ ರಬ್ಬರಿನದೇ ಇರಲಿ. ಬಣ್ಣಬಣ್ಣದ ಪಾಲಿಯುರೆಥೇನ್ ಬುಷ್ ನೋಡಲು ಚೆಂದ, ಆದರೆ ನಮ್ಮ ಗುಂಡಿಗಳ ಏಟನ್ನೆಲ್ಲ ಅದು ನೇರ ಛಾಸಿಗೆ ದಾಟಿಸುತ್ತದೆ. ಉಗುರಿನಿಂದ ಕೆರೆದರೆ ಕಪ್ಪು ಪುಡಿ ಉದುರುವ ಅಗ್ಗದ ರಬ್ಬರ್ ಬುಷ್ ಒಂದು ಮಳೆಗಾಲ ದಾಟುವುದಿಲ್ಲ. ಇವುಗಳ ಜೊತೆಗೆ ಒಂದು ಡಯಲ್ ಗೇಜ್ (ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಅಳತೆಯ ಉಪಕರಣ) ಮತ್ತು ಅದರ ಅಯಸ್ಕಾಂತದ ಸ್ಟ್ಯಾಂಡ್ ಕೊಳ್ಳಲೇಬೇಕು. ಅದಿಲ್ಲದೆ ಗೇರ್‌ಬಾಕ್ಸ್ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪ್ರಿಂಗ್ ಮತ್ತು ಆಕ್ಸಲ್

ಛಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಹಿಂದಿನ ಸಂಜೆಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಚಕ್ರ, ಶಾಕ್ ಅಬ್ಸಾರ್ಬರ್, ಡ್ರ್ಯಾಗ್ ಲಿಂಕ್, ಯು-ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ಕೆಳಗಿಳಿಸಿ. ಬಹಳ ಹಳೆಯ ಗಾಡಿಗಳಲ್ಲಿ ಥ್ರೆಡ್ ಇರುವ ಶಾಕಲ್‌ಗಳಿರುತ್ತವೆ, ಅವುಗಳಲ್ಲಿ ಕೆಲವು ಎಡ ಥ್ರೆಡ್ಡಿನವು. ಸ್ಪ್ಯಾನರಿಗೆ ಪೈಪು ಹಾಕಿ ಬಲ ಪ್ರಯೋಗಿಸುವ ಮುನ್ನ ಯಾವ ಕಡೆಗೆ ಬಿಚ್ಚಬೇಕೆಂದು ನೋಡಿಕೊಳ್ಳಿ.

ಕುಸಿದ ಸ್ಪ್ರಿಂಗ್ ಬ್ಲೇಡುಗಳನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಬಗ್ಗಿಸಿ ಕೊಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಹಾಗೆ ಕಾಯಿಸಿದಾಗ ಉಕ್ಕಿನ ಹದ ಕೆಡುತ್ತದೆ, ಸ್ಪ್ರಿಂಗ್ ಬೇಗ ಮತ್ತೆ ಕುಸಿಯುತ್ತದೆ ಇಲ್ಲವೇ ಬ್ಲೇಡ್ ಮುರಿಯುತ್ತದೆ. ಹೊಸ ಸೆಟ್ ಹಾಕಿ, ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ. ಯು-ಬೋಲ್ಟ್ ಹೊಸದೇ ಆಗಿರಬೇಕು. ಒಮ್ಮೆ ಬಿಗಿದು ಹಿಗ್ಗಿದ್ದು ಎರಡನೇ ಸಲ ಹಿಡಿತ ಕೊಡುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪೀಠದ ತೂತಿನೊಳಗೆ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದ ಮೇಲಷ್ಟೇ ನಟ್ ಬಿಗಿಯಿರಿ.

ರಬ್ಬರ್ ಬುಷ್ ಇರುವ ಗಾಡಿಯಾದರೆ ಸ್ಪ್ರಿಂಗ್ ತುದಿಯ ಉಂಗುರದ (ಕಣ್ಣಿನ) ಬೋಲ್ಟ್ ಮತ್ತು ಶಾಕಲ್ ಬೋಲ್ಟುಗಳನ್ನು ಕೈಬಿಗಿ ಮಾಡಿ ಬಿಟ್ಟುಬಿಡಿ. ಗಾಡಿ ಚಕ್ರದ ಮೇಲೆ ನಿಂತು, ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಬಿದ್ದಮೇಲೆ ಕೊನೆಯ ಬಿಗಿ. ಗಾಳಿಯಲ್ಲಿ ತೂಗಾಡುವಾಗಲೇ ಬಿಗಿದರೆ ರಬ್ಬರ್ ಅದೇ ಭಂಗಿಯಲ್ಲಿ ಹಿಡಿದುಕೊಳ್ಳುತ್ತದೆ. ಕೆಳಗಿಳಿಸಿದಾಗ ತಿರುಚಿಕೊಂಡು, ಆರಂಭದ ದಿನದಿಂದಲೇ ಹರಿಯತೊಡಗುತ್ತದೆ.

ಕಿಂಗ್ ಪಿನ್

ಸ್ಟೀರಿಂಗ್ ನಡುಕದ ತವರು ಇದೇ. ಈ ಆಕ್ಸಲ್‌ಗಳ ತುದಿಯಲ್ಲಿ ಚಕ್ರ ಹೊತ್ತು ತಿರುಗುವ ಗೆಣ್ಣಿನಲ್ಲಿ (ನಕಲ್) ಮೇಲೊಂದು, ಕೆಳಗೊಂದು ಟೇಪರ್ ರೋಲರ್ ಬೇರಿಂಗ್ ಇದೆ. ಅವುಗಳ ಬಿಗಿ ತೀರ್ಮಾನವಾಗುವುದು ನಡುವೆ ಇಡುವ ತೆಳು ಲೋಹದ ಹಾಳೆಗಳಿಂದ, ಅಂದರೆ ಶಿಮ್‌ಗಳಿಂದ. ಬಹಳಷ್ಟು ಕಡೆ ಹೊಸ ಬೇರಿಂಗ್ ಹಾಕಿ, ಹಳೆಯ ಶಿಮ್‌ಗಳನ್ನು ಇದ್ದಂತೆಯೇ ಇಟ್ಟು ಬೋಲ್ಟ್ ಬಿಗಿದು ಕೈ ತೊಳೆದುಕೊಳ್ಳುತ್ತಾರೆ. ಹೊಸ ಬೇರಿಂಗಿನ ಅಳತೆಯೇ ಬೇರೆ, ಹಳೆಯ ಶಿಮ್ ಅದಕ್ಕೆ ಹೊಂದುವುದು ಅದೃಷ್ಟದ ಮಾತು.

ಆಯಿಲ್ ಸೀಲ್ ಹಾಕದೆ, ಟೈ ರಾಡ್ ಜೋಡಿಸದೆ, ಶಿಮ್‌ಗಳನ್ನು ಮೇಲೆ ಕೆಳಗೆ ಸಮನಾಗಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಇಟ್ಟು ಬಿಗಿಯಿರಿ. ನಕಲ್ ಹಿಡಿದು ಅಲ್ಲಾಡಿಸಿದರೆ ಪ್ಲೇ (ಸಡಿಲು) ಗೊತ್ತಾಗುತ್ತದೆ. ಈಗ ಒಂದೊಂದೇ ತೆಳು ಶಿಮ್ ತೆಗೆಯುತ್ತಾ ಬನ್ನಿ. ಪ್ಲೇ ಪೂರ್ತಿ ಹೋಗಿ, ತಿರುಗಿಸುವಾಗ ಕೈಗೆ ಸಣ್ಣ, ಒಂದೇ ಸಮನಾದ ತಡೆ ಸಿಗುವ ಹಂತ ಬರುತ್ತದೆ. ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ, ನಿಮ್ಮ ಮಾದರಿಯ ಕೈಪಿಡಿಯಲ್ಲಿರುವ ಅಂಕಿಗೆ ತನ್ನಿ. ಎಡಕ್ಕೂ ಬಲಕ್ಕೂ ಒಂದೇ ಅಂಕಿ ಬರಬೇಕು. ಆಮೇಲೆ ಸೀಲ್.

ಈ ಕೆಲಸ ಸರಿ ಮಾಡದೆ ನಡುಕ ನಿಲ್ಲಿಸಲು ಸ್ಟೀರಿಂಗ್ ಡ್ಯಾಂಪರ್ ಹಾಕಿಸುವುದು ಅಪಾಯದ ಒಳದಾರಿ. ಸವೆತ ಮುಂದುವರಿಯುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ.

ಕೊನೆಯಲ್ಲಿ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ ವಾಲಿರುವ ಕೋನ. ವಿಲ್ಲಿಸ್ ಜೀಪಿನ ಅಂಕಿ 3 ಡಿಗ್ರಿ, ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 1.2ರಿಂದ 2.4 ಮಿ.ಮೀ. ಕ್ಯಾಸ್ಟರ್ ಕಡಿಮೆ ಬಂದರೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆ ಶಿಮ್ ಹಾಕುತ್ತಾರೆ. ಅದನ್ನು ತಿರುವುಮುರುವು ಹಾಕಿರುವುದನ್ನು ಕಂಡಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಬೇಕು. ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿದ್ದರೆ ಶಿಮ್ಮಿನ ದಪ್ಪ ತುದಿ ಗಾಡಿಯ ಮುಂದಕ್ಕೆ. ಸ್ಪ್ರಿಂಗ್ ಆಕ್ಸಲ್ಲಿನ ಮೇಲಿದ್ದರೆ ದಪ್ಪ ತುದಿ ಹಿಂದಕ್ಕೆ. ಇಷ್ಟಾದ ಮೇಲೆ ಗಾಡಿ ಓಡಿಸಿ. ಹಂಪ್, ಗುಂಡಿ, ಖಾಲಿ ರಸ್ತೆ ಎಲ್ಲವೂ ಆಗಲಿ. ಸ್ಟೀರಿಂಗ್ ಸುಮ್ಮನಿದ್ದರೆ ಮಾತ್ರ ಮುಂದಿನ ಕೆಲಸ.

ಗೇರ್‌ಬಾಕ್ಸ್ ಆರಿಸುವುದು

ಗುಜರಿಯಲ್ಲಿ ಮೇಲಿನ ಮುಚ್ಚಳ ತೆಗೆಸಿ ಹಲ್ಲು ನೋಡಿ. ತಳದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿಯಿರಿ. ಹಳದಿ ಮಿನುಗು ತೇಲುತ್ತಿದ್ದರೆ ಸಿಂಕ್ರೊ ರಿಂಗ್ ಸವೆದಿದೆ ಎಂದರ್ಥ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯಾದರೆ ಇನ್ನೊಂದು ತೊಡಕಿದೆ. ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಎಳೆತ ಹಂಚುವ ಹಳೆಯ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್‌ನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಬಲಕ್ಕೆ ಸರಿದಿರುತ್ತದೆ, ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ಲಿನ ಗೇರ್ ಗುಂಡು) ಕೂಡ ಅದಕ್ಕೆ ತಕ್ಕಂತೆ ಬಲಕ್ಕಿರುತ್ತದೆ. ನಡುವಿನಿಂದ ಹೊರಡುವ ಗೇರ್‌ಬಾಕ್ಸನ್ನು ಅದಕ್ಕೆ ಜೋಡಿಸಿದರೆ ಪ್ರೊಪೆಲ್ಲರ್ ಅಡ್ಡಡ್ಡ ಓಡುತ್ತದೆ. ಹಿಂದಿನ ಆಕ್ಸಲ್ಲನ್ನೂ ಬದಲಿಸುವ ಮನಸ್ಸಿಲ್ಲದವರು ತಮ್ಮ ಹಳೆಯ ಪೆಟ್ಟಿಗೆಯನ್ನೇ ಹೊಸ ಬೇರಿಂಗ್, ಸಿಂಕ್ರೊ ಹಾಕಿ ಕಟ್ಟಿಸುವುದು ಒಳ್ಳೆಯದು.

ಹಳೆಯ ಪೆಟ್ಟಿಗೆ ಇಳಿಸುವುದು ಸುಲಭ: ಎಣ್ಣೆ ಬಸಿದು, ಪ್ರೊಪೆಲ್ಲರ್, ಲಿಂಕೇಜ್, ಸ್ಪೀಡೋಮೀಟರ್ ಕೇಬಲ್ ಬಿಚ್ಚಿ, ಎಂಜಿನ್ನಿಗೆ ಆಧಾರ ಕೊಟ್ಟು ಹಿಂದಕ್ಕೆ ಎಳೆಯಿರಿ. ಬಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ಅದು ರಾಜಕಾಲುವೆ ಹಿಡಿದು ಕೆರೆಗೇ ಸೇರುತ್ತದೆ.

ಕೇಂದ್ರ ಹೊಂದಿಸುವುದು

ಇಲ್ಲಿ ಅವಸರ ಬೇಡ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಎರಡೂ ಒಂದೇ ರೇಖೆಯಲ್ಲಿ ತಿರುಗಬೇಕು. ಬೇರೆ ಗೇರ್‌ಬಾಕ್ಸ್ ಕೂರಿಸುವಾಗ ನಡುವೆ ಅಡಾಪ್ಟರ್ ಪ್ಲೇಟ್ ಬರುತ್ತದೆ. ರಟ್ಟಿನ ಮೇಲೆ ತೂತುಗಳ ಅಚ್ಚು ತೆಗೆದು, ಅದರಂತೆ ಪ್ಲೇಟಿಗೆ ಡ್ರಿಲ್ ಹೊಡೆದು ಬೋಲ್ಟ್ ಹಾಕುವುದು ನಮ್ಮಲ್ಲಿ ನಡೆದುಬಂದ ರೂಢಿ. ಬೋಲ್ಟಿನ ಕೆಲಸ ಹಿಡಿದಿಡುವುದು ಮಾತ್ರ, ಸ್ಥಾನ ತೋರಿಸುವುದಲ್ಲ. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಕವರಿನ ಉಂಗುರ ನುಣುಪಾಗಿ ಕೂರುವಂಥ ರಂಧ್ರವನ್ನು ಪ್ಲೇಟಿನಲ್ಲಿ ಲೇತ್ ಮೇಲೆ ಕೊರೆಸಬೇಕು. ಪೀಣ್ಯದಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಕಾರ್ಯಾಗಾರಗಳಿಗೆ ಕೊರತೆಯಿಲ್ಲ. ಚಿತ್ರವನ್ನಷ್ಟೇ ಕೊಡಬೇಡಿ, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಹೊದಿಕೆ) ಮತ್ತು ಬೇರಿಂಗ್ ಕವರ್ ಎರಡನ್ನೂ ಕೊಂಡೊಯ್ಯಿರಿ.

ಪ್ಲೇಟ್ ಬಂದಮೇಲೆ, ಕ್ಲಚ್ ಹಾಕುವ ಮುನ್ನ, ಬೆಲ್ ಹೌಸಿಂಗನ್ನೂ ಪ್ಲೇಟನ್ನೂ ಎಂಜಿನ್ನಿಗೆ ಕಟ್ಟಿ. ಕೂರುವ ಮುಖಗಳಲ್ಲಿ ಬಣ್ಣ, ತುಕ್ಕು, ಗ್ಯಾಸ್ಕೆಟ್ ಚೂರು ಏನೂ ಇರಬಾರದು. ಡಯಲ್ ಗೇಜಿನ ಅಯಸ್ಕಾಂತವನ್ನು ಫ್ಲೈವೀಲಿಗೆ ಅಂಟಿಸಿ, ಅದರ ಮುಳ್ಳಿನ ತುದಿ ರಂಧ್ರದ ಒಳಗೋಡೆಗೆ ತಾಗುವಂತೆ ಹೊಂದಿಸಿ, ಕೆಳಭಾಗದಲ್ಲಿ ಸೊನ್ನೆ ಮಾಡಿ. ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಪ್ಲಗ್ ಅಥವಾ ಇಂಜೆಕ್ಟರ್ ತೆಗೆದಿದ್ದರೆ ಹಗುರ. ಕೆಳಗೆ, ಎಡಕ್ಕೆ, ಮೇಲೆ, ಬಲಕ್ಕೆ ಬಂದಾಗಿನ ಅಂಕಿಗಳನ್ನು ಸೀಮೆಸುಣ್ಣದಿಂದ ಅಲ್ಲಲ್ಲೇ ಬರೆಯಿರಿ.

ಗೇಜ್ ತೋರಿಸುವ ಒಟ್ಟು ವ್ಯತ್ಯಾಸ, ರಂಧ್ರ ನಿಜವಾಗಿ ಸರಿದಿರುವುದರ ಎರಡರಷ್ಟಿರುತ್ತದೆ. ಕೆಳಗೆ ಸೊನ್ನೆ, ಮೇಲೆ 0.40 ಮಿ.ಮೀ. ಬಂದಿದ್ದರೆ ರಂಧ್ರ ಸರಿದಿರುವುದು 0.20. ಒಟ್ಟು ವ್ಯತ್ಯಾಸ 0.13 ಮಿ.ಮೀ. ಮೀರಬಾರದು. ಮೀರಿದರೆ ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಸಿ, ಮತ್ತೆ ಬಿಗಿದು ಅಳೆಯಿರಿ. ಡವೆಲ್ ಪಿನ್ (ಸ್ಥಾನ ಹಿಡಿದಿಡುವ ಗೂಟ) ಅಡ್ಡ ಬಂದರೆ ಅದನ್ನು ತೆಗೆದು, ಅಳತೆ ಸರಿಯಾದ ಮೇಲೆ ಹೊಸ ಜಾಗದಲ್ಲಿ ರೀಮ್ ಮಾಡಿ ಕೂರಿಸಬೇಕು. ಪಿನ್ ಇಲ್ಲದೆ ಬಿಟ್ಟರೆ ಮುಂದಿನ ಸಲ ಕ್ಲಚ್ ಬದಲಿಸುವವರು ಈ ಶ್ರಮವನ್ನೆಲ್ಲ ನೀರಿಗೆ ಹಾಕುತ್ತಾರೆ. ಮುಳ್ಳನ್ನು ಪ್ಲೇಟಿನ ಮುಖಕ್ಕೆ ತಾಗಿಸಿ ಅದರ ಓರೆಯನ್ನೂ ಹೀಗೆಯೇ ನೋಡಿ.

ಇದನ್ನು ಬಿಟ್ಟವರ ಗಾಡಿಯಲ್ಲಿ ಟಾಪ್ ಗೇರ್ ತಾನಾಗಿ ಹೊರಬೀಳುತ್ತದೆ, ಪೈಲಟ್ ಬೇರಿಂಗ್ (ಕ್ರ್ಯಾಂಕಿನ ಹಿಂತುದಿಯಲ್ಲಿ ಇನ್‌ಪುಟ್ ಶಾಫ್ಟಿನ ಮೂತಿ ಹಿಡಿಯುವ ಬೇರಿಂಗ್) ಕೂಗುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಬಿರಿಯುತ್ತದೆ. ಬೈಗುಳ ಮಾತ್ರ ಗುಜರಿಯವನಿಗೆ.

ಇನ್‌ಪುಟ್ ಶಾಫ್ಟಿನ ಮೂತಿ ಪೈಲಟ್ ಬೇರಿಂಗಿನೊಳಗೆ ಪೂರ್ತಿ ಹೊಗಬೇಕು, ಆದರೆ ತಳ ಮುಟ್ಟಬಾರದು. ಆಳವನ್ನು ವರ್ನಿಯರ್‌ನಲ್ಲಿ ಅಳೆದು ಹೋಲಿಸಿ. ಕ್ಲಚ್ ಪ್ಲೇಟಿನ ಹಲ್ಲು ಹೊಸ ಶಾಫ್ಟಿಗೆ ಹೊಂದಬೇಕು. ಅಂಗಡಿಗೆ ಶಾಫ್ಟನ್ನೇ ಒಯ್ದು ತೊಡಿಸಿ ನೋಡುವುದು ಲೇಸು.

ಏರಿಸುವುದು

ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಮೇಲಿನ ತೂತುಗಳಿಗೆ ಹಾಕಿದರೆ ಗೇರ್‌ಬಾಕ್ಸ್ ಅವುಗಳ ಮೇಲೆ ಜಾರುತ್ತಾ ಒಳಹೋಗುತ್ತದೆ. ಪೆಟ್ಟಿಗೆಯ ಭಾರವನ್ನು ಎಂದೂ ಕ್ಲಚ್ ಪ್ಲೇಟಿನ ಮೇಲೆ ತೂಗುಬಿಡಬೇಡಿ. ಗೇರ್ ಹಾಕಿ, ಹಿಂದಿನ ಫ್ಲ್ಯಾಂಜ್ ತುಸು ತಿರುಗಿಸಿದರೆ ಹಲ್ಲು ಕೂಡಿಕೊಳ್ಳುತ್ತದೆ. ಕೊನೆಯ ಅರ್ಧ ಇಂಚು ಕೈಯಿಂದ ಹೋಗದಿದ್ದರೆ ನಿಲ್ಲಿಸಿ, ಹೊರಗೆಳೆದು ಕಾರಣ ಹುಡುಕಿ. ಬೋಲ್ಟ್ ಬಿಗಿದು ಎಳೆಸಿದ ಗೇರ್‌ಬಾಕ್ಸ್‌ಗಳ ಕಿವಿ ಮುರಿದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲ ಬಿಗಿದ ಮೇಲೆ ಗೇರ್ ಹಾಕಿ ಒಬ್ಬರು ಕ್ಲಚ್ ತುಳಿಯಲಿ. ಹಿಂದಿನ ಫ್ಲ್ಯಾಂಜ್ ಕೈಗೆ ಸಲೀಸಾಗಿ ತಿರುಗಬೇಕು.

ಪ್ರೊಪೆಲ್ಲರ್ ಅಳತೆಯನ್ನು ಗಾಡಿ ನೆಲದ ಮೇಲೆ ನಿಂತಾಗಲೇ ತೆಗೆಯಿರಿ. ಜಾರುವ ಜಾಯಿಂಟಿಗೆ ಒಳಗೆ ಒಂದು ಇಂಚಿನಷ್ಟು ಜಾಗ ಉಳಿಯಲಿ. ಎರಡೂ ತುದಿಯ ಯೋಕ್‌ಗಳು (ಜಾಯಿಂಟ್ ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿರಬೇಕು. ಗೇರ್‌ಬಾಕ್ಸಿನ ಕೋನಕ್ಕೂ ಡಿಫರೆನ್ಷಿಯಲ್ಲಿನ ಕೋನಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಮೊಬೈಲಿನ ಮಟ್ಟಗೋಲು ಆ್ಯಪ್ ಇದಕ್ಕೆ ಸಾಕು. ಶಾಫ್ಟನ್ನು ಕತ್ತರಿಸಿ ಬೆಸೆದವರಿಂದ ಬ್ಯಾಲೆನ್ಸ್ ಮಾಡಿಸದೆ ಮನೆಗೆ ತರಬೇಡಿ.

ಎಣ್ಣೆ ಜಿಎಲ್-4 ದರ್ಜೆಯದು. ಜಿಎಲ್-5 ಇನ್ನೂ ಉತ್ತಮವೆಂದು ಅಂಗಡಿಯಲ್ಲಿ ಹೇಳಿದರೆ ಅದು ಡಿಫರೆನ್ಷಿಯಲ್ಲಿಗೆ ಇರಲಿ. ಅದರಲ್ಲಿರುವ ಗಂಧಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೊ ರಿಂಗ್ ತಿನ್ನಬಲ್ಲವು.

ಆರ್.ಸಿ. ಪುಸ್ತಕದಲ್ಲಿ ದಾಖಲಾಗುವುದು ಎಂಜಿನ್ ಮತ್ತು ಛಾಸಿ ಸಂಖ್ಯೆ, ಗೇರ್‌ಬಾಕ್ಸಿನದಲ್ಲ. ಆದರೆ ಗೇರ್‌ಬಾಕ್ಸಿನ ನೆಪದಲ್ಲಿ ಬೊಲೆರೊದ ಎಂಜಿನ್ನನ್ನೂ ಇಳಿಸುವ ಯೋಚನೆಯಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಮೊದಲು ಪಡೆಯಿರಿ.

ಮೊದಲ 500 ಕಿ.ಮೀ. ಭಾರ ಹೇರದೆ ಓಡಿಸಿ. ಬಳಿಕ ಗೇರ್ ಎಣ್ಣೆ ಬದಲಿಸಿ, ಯು-ಬೋಲ್ಟ್, ಬೆಲ್ ಹೌಸಿಂಗ್ ಮತ್ತು ಪ್ರೊಪೆಲ್ಲರ್ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಿಡಿದು ಇನ್ನೊಂದು ಸುತ್ತು ಬನ್ನಿ. ಯು-ಬೋಲ್ಟ್ ನಟ್ಟುಗಳು ಈ ಸಲ ಖಂಡಿತ ಸ್ವಲ್ಪ ತಿರುಗುತ್ತವೆ.