ಕಂದು ಹಾಕಿದ ಹಸುವನ್ನು ಬರಿಗೈಲಿ ಮುಟ್ಟಬೇಡಿ

ನಾನು ಚಿಕ್ಕವಳಿದ್ದಾಗ ಹಾಲು ಕರೆಯುವ ಹೊತ್ತಿಗೆ ಮಕ್ಕಳೆಲ್ಲ ಲೋಟ ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ನೊರೆ ಹಾಲು ಕುಡಿದರೆ ಮೈಗೆ ಶಕ್ತಿ ಅಂತ ನಂಬಿಕೆ. ಈಗ ಪೇಟೆಯಲ್ಲಿರುವ ಮೊಮ್ಮಕ್ಕಳ ಮನೆಗೂ ನಾಟಿ ಹಸುವಿನ ಹಸಿ ಹಾಲು ಬಾಟಲಿಯಲ್ಲಿ ಬರುತ್ತದೆ. ಬರಲಿ, ಆದರೆ ಉಕ್ಕು ಬರುವ ತನಕ ಕಾಯಿಸಿಯೇ ಕುಡಿಯಿರಿ. ಮೊಸರಿಗೂ ಬೆಣ್ಣೆಗೂ ಕಾಯಿಸಿದ ಹಾಲೇ ಆಗಬೇಕು. ಮೇಕೆ ಹಾಲನ್ನಂತೂ ಕಾಯಿಸಲು ಮರೆಯಬೇಡಿ. ಹಿಂದೆ ಮಾಲ್ಟಾ ದ್ವೀಪದಲ್ಲಿ ಇಂಗ್ಲಿಷ್ ಸಿಪಾಯಿಗಳನ್ನು ಮಲಗಿಸಿದ ಜ್ವರ ಬಂದದ್ದು ಮೇಕೆ ಹಾಲಿನಿಂದಲೇ.

ಆ ಜ್ವರವೇ ನಮ್ಮ ಕಂದು ರೋಗ, ಹಸು ದಿನ ತುಂಬುವ ಮೊದಲೇ ಕರು ಹಾಕಿಬಿಡುವ ರೋಗ. ಡಾಕ್ಟರು ಬ್ರುಸೆಲ್ಲೋಸಿಸ್ ಅಂತಾರೆ.

ಹಾಲಿಗಿಂತ ನನಗೆ ಕೊಟ್ಟಿಗೆಯದೇ ಜಾಸ್ತಿ ಚಿಂತೆ. ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿತು ಅಂದರೆ ಸುಮ್ನೆ ದೃಷ್ಟಿ ತಾಗಿತು ಅಂದುಕೊಳ್ಳಬೇಡಿ. ಆ ಕರು, ಕರುವಿನ ಹಿಂದೆ ಬೀಳುವ ಕಸ (ಮಾಸು), ಆ ನೀರಿನಲ್ಲೆಲ್ಲ ರೋಗಾಣು ತುಂಬಿರಬಹುದು. ಕೈಯಲ್ಲಿ ಸಣ್ಣ ಗಾಯವಿದ್ದರೂ ಒಳಗೆ ಹೋಗುತ್ತದೆ, ಉಸಿರಿನಲ್ಲೂ ಹೋಗುತ್ತದೆ. ಮೊಣಕೈ ತನಕ ಗ್ಲೌಸ್ ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ಬಸುರಿಯರನ್ನೂ ಮಕ್ಕಳನ್ನೂ ದೂರ ಇಡಿ. ಕಸವನ್ನು ಆಲದ ಮರಕ್ಕೆ ಕಟ್ಟುವ ಪದ್ಧತಿ ನಮ್ಮಲ್ಲೂ ಇತ್ತು. ಅದು ಬೇಡವೇ ಬೇಡ. ನಾಯಿ ಎಳೆದರೆ ಊರಿಗೆಲ್ಲ ಹರಡುತ್ತದೆ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಹಸುವನ್ನು ಬೇರೆ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ. ಗೊತ್ತಾಗುವ ಮುಂಚೆ ಸಂತೆಗೆ ಹೊಡೆಯಬೇಡಿ, ಇನ್ನೊಬ್ಬರ ಮನೆಗೆ ರೋಗ ಮಾರಿದಂತೆ ಅಲ್ವಾ?

ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಿ. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಇದನ್ನು ಹಾಕುತ್ತಿದ್ದಾರೆ. ಗಬ್ಬದ ಹಸುವಿಗೆ ಇದನ್ನು ಹಾಕಿಸುವಂತಿಲ್ಲ.

ನಮ್ಮ ಮೈದುನನಿಗೆ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟ ಕೀಲುಗಳಲ್ಲಿ ನೋವು. ಟೈಫಾಯಿಡ್ ಅಂತಲೇ ತಿಂಗಳುಗಟ್ಟಲೆ ಔಷಧಿ ನಡೆಯಿತು. ಮನೆಯಲ್ಲಿ ಹಸು ಕಂದು ಹಾಕಿದ್ದನ್ನು ನಾವು ಡಾಕ್ಟರಿಗೆ ಹೇಳಿರಲೇ ಇಲ್ಲ. ನೀವು ಮೊದಲ ದಿನವೇ ಹೇಳಿ. ಸಾಮಾನ್ಯವಾಗಿ ಆರು ವಾರ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಜ್ವರ ಬಿಟ್ಟಿತು ಅಂತ ಅವನು ಮೂರನೇ ವಾರಕ್ಕೇ ನಿಲ್ಲಿಸಿದ. ದೀಪಾವಳಿಗೆ ಮತ್ತೆ ಮಲಗಿದ.